ಅರ್ಧ ಪಿಚ್ಚರ್ ನೋಡಿದ ಮನೆ

ಆ ಪಿಚ್ಚರಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದಕ್ಕೆ ಪುಕ್ಕಟೆ ಪ್ರಚಾರ ಕೊಡುವ ಕರ್ಮ ನನಗೆ ಬೇಡ, ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಒಬ್ಬಳು ಹುಡುಗಿಯ ಮೈಗೆ ದೆವ್ವ ಸೇರಿಕೊಳ್ಳುತ್ತದೆ. ದೊಡ್ಡ ದೊಡ್ಡ ಡಾಕ್ಟರುಗಳು ಅವಳನ್ನು ಮಿಷನ್ನುಗಳೊಳಗೆ ತೂರಿಸಿ ನೋಡಿ ಕೈಚೆಲ್ಲುತ್ತಾರೆ. ಕಡೆಗೆ ಒಬ್ಬ ಮುದುಕ ಪಾದ್ರಿ ಬಂದು ಶಿಲುಬೆ ಹಿಡಿದು ನಿಲ್ಲುತ್ತಾನೆ. ಇಷ್ಟೇ ಕತೆ. ಬಲ್ಲವರು ಇದನ್ನು ಮಹಾಕೃತಿ ಅನ್ನುತ್ತಾರೆ. ನಂಬಿಕೆಗೂ ಸಂಶಯಕ್ಕೂ ನಡೆಯುವ ಹೋರಾಟ ಅದರಲ್ಲಿ ಬಹಳ ಗಹನವಾಗಿ ಬಂದಿದೆಯಂತೆ. ಈಚೆಗೆ ಒಂದು ಮದುವೆಯಲ್ಲಿ ಪಕ್ಕದ ಎಲೆಗೆ ಕೂತಿದ್ದ ಲೆಕ್ಚರರೊಬ್ಬರು ಹೋಳಿಗೆ ಮುರಿಯುತ್ತಾ ಇದನ್ನೇ ಹೇಳಿದರು. ನಾನು ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡೆ. ನಂಬಿಕೆ ಅಂದರೆ ಏನು ಅನ್ನುವುದನ್ನು ನಮ್ಮ ದೊಡ್ಡಪ್ಪನ ನಡುಮನೆ ನನಗೆ ಹತ್ತು ವರ್ಷಕ್ಕೇ ಕಲಿಸಿಬಿಟ್ಟಿತ್ತು. ಆ ಪಿಚ್ಚರನ್ನು ನಮ್ಮ ಮನೆಯಲ್ಲಿ ಒಂದೇ ಒಂದು ಸಲ ಹಾಕಿದ್ದರು. ಅದೂ ಅರ್ಧಕ್ಕೆ ನಿಂತಿತು.

ಶ್ರೀರಂಗಪಟ್ಟಣಕ್ಕೂ ಪಾಂಡವಪುರಕ್ಕೂ ನಡುವೆ ನಾಲೆ ಪಕ್ಕದ ಊರು ನಮ್ಮದು. ಹಳೇ ತೊಟ್ಟಿಮನೆ. ನಡುಮನೆಯ ಒಂದು ಮಗ್ಗುಲಿಗೆ ದೇವರ ಕೋಣೆ, ಅದರ ಬಾಗಿಲಿಗೆ ಎದುರಾಗಿ ಕಂಬಕ್ಕೆ ಒರಗಿಕೊಂಡು ದೊಡ್ಡಪ್ಪನ ಜಾಗ. ಉಳಿದವರಿಗೆ ಎಲ್ಲಿ ಸಿಕ್ಕಿದರೆ ಅಲ್ಲಿ. ಅಡುಗೆಮನೆ ಒಂದೇ, ಒಲೆ ಎರಡು. ಒಂದರ ಮುಂದೆ ದೊಡ್ಡವ್ವ, ಇನ್ನೊಂದರ ಮುಂದೆ ನಮ್ಮವ್ವ. ನನ್ನ ಅಪ್ಪ ಕಬ್ಬಿನ ಸೀಸನ್ನಿನಲ್ಲಿ ಕಾರ್ಖಾನೆಗೆ ಹೋಗುತ್ತಿದ್ದ, ಉಳಿದ ದಿನ ಅಣ್ಣ ತೋರಿಸಿದ ಗದ್ದೆಗೆ ಹೋಗುತ್ತಿದ್ದ. ಎತ್ತು ಈಯಿತು ಅಂತ ಅಣ್ಣ ಅಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟುವ ಆಸಾಮಿ. ಅವನ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ಏನೂ ಇಲ್ಲ, ಅದೇ ನನಗಿರುವ ಸಿಟ್ಟು.

ದೊಡ್ಡಪ್ಪ ಎಸ್ಸೆಸ್ಸೆಲ್ಸಿಗೆ ಮೂರು ಸಲ ಕಟ್ಟಿ, ನಾಲ್ಕನೇ ಸಲ ಪರೀಕ್ಷೆಗೆ ಕೂರುವ ಬದಲು ದೇವರನ್ನು ಮೈಮೇಲೆ ತಂದುಕೊಂಡವನು. ಪ್ರತಿ ಶುಕ್ರವಾರ ಅವನ ಮೈಮೇಲೆ ನಮ್ಮ ಮನೆದೇವರು ಬರುತ್ತಿತ್ತು. ಹೆಣ್ಣುದೇವರು. ಹೆಸರು ಹಿಡಿಯದೆ ಅಮ್ಮನೋರು ಅನ್ನುತ್ತಿದ್ದೆವು. ಅಮ್ಮನೋರು ಬಲು ಶಿಸ್ತಿನವಳು. ಹಾಲು ಡೈರಿಗೆ ಹೋಗಿ, ದನಗಳಿಗೆ ಹುಲ್ಲು ಬಿದ್ದು, ದೊಡ್ಡಪ್ಪನ ಹೊಟ್ಟೆಗೆ ತಿಂಡಿ ಇಳಿಯುವ ಮೊದಲು ಒಂದು ದಿನವೂ ಬಂದವಳಲ್ಲ. ಅವಳಿಗೆ ನಾಟಿಕೋಳಿ ಸಾರು ಇಷ್ಟ, ದೊಡ್ಡಪ್ಪನಿಗೂ ಅದೇ ಇಷ್ಟ. ಅವಳಿಗೆ ಹಾಗಲಕಾಯಿ ಆಗದು, ದೊಡ್ಡಪ್ಪನಿಗೂ ಆಗದು. ಯಾವ ಗದ್ದೆಗೆ ಕಬ್ಬು, ಯಾವುದಕ್ಕೆ ಭತ್ತ, ಯಾವ ಹಸು ಮಾರಬೇಕು, ಯಾರ ಮನೆಗೆ ಹೆಣ್ಣು ಕೊಡಬಾರದು, ಎಲ್ಲ ಅವಳ ಅಪ್ಪಣೆ. ತಪ್ಪಾದರೆ ನಾವು ಸರಿಯಾಗಿ ಕೇಳಿಸಿಕೊಂಡಿಲ್ಲ ಅಂತ. ಅವಳ ಮಾತೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಇರುತ್ತಿತ್ತು.

ನಾನು ಮಾತ್ರ ಆ ಮನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದೆ. ಅಮ್ಮನೋರು ಬಂದಾಗ ಕರ್ಪೂರದ ಹರಿವಾಣ ಹಿಡಿಯುವ ಕೆಲಸ ನನ್ನದು. ಬಲಗೈಯಲ್ಲಿ ಹರಿವಾಣ, ಎಡಗೈಯಲ್ಲಿ ಗಂಟೆ. ಅಮ್ಮನೋರು ನನ್ನ ತಲೆ ಮುಟ್ಟಿ, ಇವಳು ನನ್ನ ಕೂಸು, ಅನ್ನುತ್ತಿದ್ದಳು. ಓಣಿಯ ಹೆಂಗಸರೆಲ್ಲ ನನ್ನ ಕಡೆ ನೋಡುತ್ತಿದ್ದರು. ಅಷ್ಟು ಸೊಕ್ಕು ನನಗೆ ಆಮೇಲೆ ಎಂ.ಎ. ಪಾಸಾದಾಗಲೂ ಬರಲಿಲ್ಲ.

ಮನೆಯ ಇನ್ನೊಂದು ಪದ್ಧತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ತಮ್ಮನ ಹೆಂಡತಿ ಭಾವನ ಎದುರಿಗೆ ನಿಂತು ಮಾತಾಡುವಂತಿರಲಿಲ್ಲ. ಅವ್ವ ಮದುವೆಯಾಗಿ ಬಂದು ಹದಿನೈದು ವರ್ಷವಾಗಿದ್ದರೂ ದೊಡ್ಡಪ್ಪನಿಗೆ ನೇರವಾಗಿ ಒಂದು ಮಾತು ಹೇಳಿದವಳಲ್ಲ. ಹೇಳುವುದಿದ್ದರೆ ಬಾಗಿಲ ಮರೆಯಲ್ಲಿ ನಿಂತು ನನಗೆ ಹೇಳುತ್ತಿದ್ದಳು.

'ಕಾಪಿ ಆರೋಯ್ತದೆ ಅಂತ ಯೋಳವ್ವ.'

ದೊಡ್ಡಪ್ಪ ಮೂರು ಅಡಿ ದೂರದಲ್ಲಿ ಕೂತಿರುತ್ತಿದ್ದ. ನಾನು ಅದನ್ನೇ ಇನ್ನೊಂದು ಸಲ ಹೇಳಬೇಕು. ಆದರೆ ಅಮ್ಮನೋರು ಹೆಣ್ಣಲ್ಲವೆ, ತಾಯಲ್ಲವೆ? ಅವಳ ಹತ್ತಿರ ಯಾರು ಬೇಕಾದರೂ ಮಾತಾಡಬಹುದು, ನೀನು ತಾನು ಅಂತಲೇ. ಹೀಗಾಗಿ ಮನೆಯ ಹೆಂಗಸರು ವಾರವಿಡೀ ಮಾತು ಕೂಡಿಟ್ಟುಕೊಂಡು ಶುಕ್ರವಾರ ಹೇಳುತ್ತಿದ್ದರು. ದೊಡ್ಡವ್ವ ತನ್ನ ಗಂಡನ ಮೇಲೆ ಗಂಡನ ಮುಂದೆಯೇ ಚಾಡಿ ಹೇಳುತ್ತಿದ್ದಳು.

'ತಾಯಿ, ನಿನ್ ಮಗ ಎಲಡಿಕೆ ಹಾಕ್ಕೊಂಡು ಕಂಬದ್ ಬುಡಕ್ಕೇ ಉಗಿತಾನೆ. ವಸಿ ಬುದ್ಧಿ ಯೋಳು.'

'ಯೋಳ್ತೀನಿ ಕಣೆ.'

ಶನಿವಾರ ದೊಡ್ಡಪ್ಪ ಮತ್ತೆ ಕಂಬದ ಬುಡಕ್ಕೇ ಉಗುಳುತ್ತಿದ್ದ. ಮೈಮೇಲೆ ದೇವರಿದ್ದಾಗ ಅವನಿಗೆ ಏನೂ ಕೇಳಿಸುವುದಿಲ್ಲವಲ್ಲ.

ನನ್ನ ಅಕ್ಕ ಭಾಗ್ಯ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳಿಗೆ ಆಗಾಗ ಪಿಟ್ಸು ಬರುತ್ತಿತ್ತು. ಇದ್ದಕ್ಕಿದ್ದ ಹಾಗೆ ಕಣ್ಣು ಮೇಲಕ್ಕೆ ಹೋಗಿ, ಹಲ್ಲು ಕಚ್ಚಿ, ಕೈಕಾಲು ಸೆಟೆದು ಬಿದ್ದುಬಿಡುತ್ತಿದ್ದಳು. ಗಾಳಿ ಮೆಟ್ಟಿದೆ ಅಂತ ದೊಡ್ಡಪ್ಪ ಮೂರು ವರ್ಷ ನಿಂಬೆಹಣ್ಣು ಕೊಯ್ದ. ಅವ್ವ ಅಷ್ಟು ವರ್ಷ ಸಹಿಸಿ, ಒಂದು ದಿನ ತವರಿಗೆ ಹೋಗುತ್ತೇನೆ ಅಂತ ಸುಳ್ಳು ಹೇಳಿ, ಅಕ್ಕನನ್ನು ಮೈಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಬಿಳೀ ಮಾತ್ರೆ ಕೊಟ್ಟರು. ಒಂದು ದಿನವೂ ತಪ್ಪಿಸಬಾರದು, ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರುತ್ತದೆ, ಬೆಂಕಿ ನೀರಿನ ಹತ್ತಿರ ಇದ್ದರೆ ಜೀವಕ್ಕೇ ಅಪಾಯ ಅಂತ ಆ ಡಾಕ್ಟರು ಎರಡು ಸಲ ಹೇಳಿ ಕಳಿಸಿದರಂತೆ. ಎಂಟು ತಿಂಗಳು ಅಕ್ಕ ಒಂದು ಸಲವೂ ಬೀಳಲಿಲ್ಲ. ಹೈಸ್ಕೂಲಿಗೆ ನಡೆದುಕೊಂಡು ಹೋಗಿ ಬರುತ್ತಿದ್ದಳು. ಮೈ ತುಂಬಿಕೊಂಡಳು, ಜಗಳ ಆಡುವುದು ಕಲಿತಳು. ಎಲ್ಲರಿಗೂ ಖುಷಿಯಾಯಿತು, ಅಮ್ಮನೋರೊಬ್ಬಳನ್ನು ಬಿಟ್ಟು. ತನ್ನನ್ನು ಕೇಳದೆ ವಾಸಿಯಾಗಿದ್ದು ಅವಳಿಗೆ ಸರಿಬರಲಿಲ್ಲ. ಶುಕ್ರವಾರ ಶುಕ್ರವಾರವೂ, ಮಾತ್ರೆ ಗಾಳೀನ ಮುಚ್ತದೆ ಕಣ್ರೆ, ಬುಡುಸಾಕಿಲ್ಲ, ಅಂತ ಒಂದು ಮಾತು ಎಸೆದು ಹೋಗುತ್ತಿದ್ದಳು.

ಆ ವರ್ಷ ಪಿತೃಪಕ್ಷಕ್ಕೆ ಎಡೆ ಇಡುವ ದಿನ ಟೀವಿಯನ್ನೂ ಕ್ಯಾಸೆಟ್ಟು ಹಾಕುವ ಡೆಕ್ಕನ್ನೂ ಬಾಡಿಗೆಗೆ ತರಿಸಿದರು. ನಮ್ಮ ಕಡೆ ಆಗ ಅದೊಂದು ಗತ್ತು. ಸತ್ತವರಿಗೆ ಮಾಂಸದ ಎಡೆ, ಬದುಕಿದ್ದವರಿಗೆ ಪಿಚ್ಚರ್. ಶ್ರೀರಂಗಪಟ್ಟಣದಿಂದ ಅಜೀಜಣ್ಣ ಅನ್ನುವವನು ಲೂನಾ ಮೇಲೆ ಟೀವಿಯನ್ನು ಗೋಣಿಯಲ್ಲಿ ಸುತ್ತಿ ಕಟ್ಟಿಕೊಂಡು ಬರುತ್ತಿದ್ದ. ನಲವತ್ತು ದಾಟಿದ, ಸದಾ ಆಕಳಿಸುವ ಮನುಷ್ಯ. ದೊಡ್ಡಪ್ಪ ಅವನಿಗೆ ಮೊದಲೇ, ದೇವ್ರು ದೆವ್ವ ಎರಡೂ ಇರೋ ಪಿಚ್ಚರ್ ತತ್ತಾ, ಅಂತ ಹೇಳಿ ಕಳಿಸಿದ್ದ. ದೊಡ್ಡಪ್ಪನ ಮನಸ್ಸಿನಲ್ಲಿದ್ದದ್ದು ಕಿರೀಟ, ಗದೆ, ರಾಕ್ಷಸರು. ಅಜೀಜಣ್ಣ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೈಕಿ. ದೇವರು ದೆವ್ವ ಎರಡೂ ಇರುವ ಇಂಗ್ಲಿಷ್ ಕ್ಯಾಸೆಟ್ಟು ತಂದ.

ಮಧ್ಯಾಹ್ನ ಊಟವಾದ ಮೇಲೆ ಕಿಟಕಿಗೆ ಕಂಬಳಿ ಕಟ್ಟಿ ನಡುಮನೆಯನ್ನು ಕತ್ತಲೆ ಮಾಡಿದರು. ನೆಂಟರು, ಓಣಿಯವರು, ಸುಮಾರು ನಲವತ್ತು ಜನ ಬೆವರುತ್ತಾ ಕೂತೆವು. ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಅಜೀಜಣ್ಣ ಟೀವಿ ಪಕ್ಕ ಕುಕ್ಕರಗಾಲಲ್ಲಿ ಕೂತು ಆಕಳಿಸುತ್ತಾ ಕತೆ ಹೇಳುತ್ತಿದ್ದ.

'ಈಗ ಡಾಕ್ಟ್ರು ತಲೆ ಫೋಟೋ ತೆಗೀತಾವ್ರೆ. ಏನೂ ಸಿಗ್ನಿಲ್ಲ. ಈಗ ಇನ್ನೊಬ್ಬ ಡಾಕ್ಟ್ರು. ಇವಂಗೂ ಸಿಗ್ನಿಲ್ಲ. ಈಗ ಎಲ್ರೂ ಸೇರ್ಕೊಂಡು, ಅಮ್ಮಾ ನಮ್ ಕೈಲಾಗಾಕಿಲ್ಲ, ನೀನು ಪಾದ್ರೀನ ಕರಿ ಅಂತಾವ್ರೆ.'

ದೊಡ್ಡಪ್ಪ ತೊಡೆ ತಟ್ಟಿಕೊಂಡು ಎದ್ದು ನಿಂತುಬಿಟ್ಟ.

'ನೋಡ್ರಲಾ! ಬಿಳಿ ಜನ. ಚಂದ್ರನ ಮ್ಯಾಲೆ ಹೋಗಿ ಬಂದ ಜನ. ಅವ್ರ ಡಾಕ್ಟ್ರೇ ಪೂಜಾರಪ್ಪನ ಕರೀರಿ ಅಂತಾವ್ರೆ. ನಮ್ಮನೇಲಿ ಮಾತ್ರೆ ನುಂಗುಸ್ತಾ ಕೂತವ್ರೆ.'

ಮಾತು ನೆಂಟರಿಗೆ, ಏಟು ಬಾಗಿಲ ಮರೆಯಲ್ಲಿ ಕೂತಿದ್ದ ಅವ್ವನಿಗೆ. ಅಕ್ಕ ನನ್ನ ಪಕ್ಕದಲ್ಲೇ ಇದ್ದಳು. ತೆರೆಯ ಮೇಲಿನ ಹುಡುಗಿ ಮಂಚದ ಮೇಲೆ ಸೆಟೆದುಕೊಂಡಾಗ ನಲವತ್ತು ತಲೆಗಳು ಒಟ್ಟಿಗೆ ತಿರುಗಿ ಅಕ್ಕನನ್ನು ನೋಡಿದವು. ನಾನೂ ನೋಡಿದೆ. ನೋಡಿ ಒಂದು ಗೇಣು ಆಚೆಗೆ ಸರಿದು ಕೂತೆ. ಆ ಪಿಚ್ಚರ್ ತೆಗೆದವನು ಯಾರೋ, ಯಾವ ದೇಶದಲ್ಲೋ. ಡಾಕ್ಟರುಗಳನ್ನು ದಡ್ಡರನ್ನಾಗಿ ಮಾಡದಿದ್ದರೆ ಅವನ ಪಾದ್ರಿಗೆ ಕೆಲಸವಿರುತ್ತಿರಲಿಲ್ಲ. ಕತೆಗೆ ಅದು ಬೇಕಿತ್ತು, ಮಾಡಿಕೊಂಡ. ಆ ಅನುಕೂಲಕ್ಕೆ ದಂಡ ತೆತ್ತವಳು ನಾಲೆ ಪಕ್ಕದ ಊರಿನ ಒಬ್ಬ ಹುಡುಗಿ. ಇದನ್ನೆಲ್ಲ ಗಹನ ಅನ್ನುವವರ ಬಾಯಿಗೆ ಹೋಳಿಗೆಯೇ ಸರಿ.

ಪಾದ್ರಿ ಚೀಲ ಹಿಡಿದು ಆ ಮನೆಯ ಬಾಗಿಲು ಬಡಿಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಸಂಜೆ ಹಾಲು ಕರೆಯುವ ತನಕ ಕಾದರೂ ಬರಲಿಲ್ಲ. ನೆಂಟರು ಉಳಿದದ್ದು ಏನಾಗಬಹುದು ಅಂತ ಕೇಳಿದರು. ದೊಡ್ಡಪ್ಪ ಕೈ ಒದರಿದ.

'ಇನ್ನೇನ್ ನೋಡಾದದೆ? ಪೂಜಾರಪ್ಪ ಬಂದ್ನಲ್ಲ, ವಾಸಿ ಆಯ್ತು ಅನ್ಕೊಳಿ.'

ಹೇಳಿ, ಬಾಡೂಟದ ಭಾರಕ್ಕೆ ಅಲ್ಲೇ ಮಲಗಿ ಗೊರಕೆ ಹೊಡೆದ. ಅಜೀಜಣ್ಣ ಹೊರಗೆ ಟೀವಿಯನ್ನು ಲೂನಾಕ್ಕೆ ಕಟ್ಟುತ್ತಿದ್ದ. ಅವ್ವ ಅವನಿಗೆ ಕಾಫಿ ಕೊಟ್ಟು ಬರಲು ಹೋದಳು, ಹಿಂದೆಯೇ ನಾನೂ ಹೋದೆ.

'ಆ ಕೂಸು ಕಡೇಲಿ ಏನಾಯ್ತಪ್ಪ?' ಅಂತ ಅವ್ವ ಕೇಳಿದಳು.

'ಕೂಸು ಆರಾಮಾಯ್ತಕ್ಕ. ಪಾದ್ರಿ ಹೋದ.'

'ಎಲ್ಲಿಗೆ?'

'ಮ್ಯಾಲಕ್ಕೆ. ಅವಳನ್ನ ಬುಡು, ನನ್ ಮೈಗೆ ಬಾ ಅಂತ ದೆವ್ವನ ಕರೀತಾನೆ. ಬತ್ತದೆ. ಬಂದಿದ್ದೇ, ಚರ್ಚಿನ ಗಂಟೆ ಗೋಪುರದಿಂದ ಕೆಳಕ್ಕೆ ಬಿದ್ದು ಸತ್ತೋಯ್ತಾನೆ. ಎಲ್ಲಾ ಸುಳ್ಳು ಪಿಚ್ಚರ್ ಅಕ್ಕ, ಅಲ್ಲಾನ ಆಣೆ. ಐದು ಸಲ ನೋಡಿವ್ನಿ, ಐದು ಸಲಾನೂ ನಿದ್ದೆ ಬಂದದೆ.'

ಅವ್ವ ಖಾಲಿ ಲೋಟ ತೆಗೆದುಕೊಂಡು ಒಳಗೆ ಬಂದಳು. ಅವತ್ತು ನಮ್ಮ ಮನೆಯಲ್ಲಿದ್ದವರಲ್ಲಿ ಆ ಪಿಚ್ಚರನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದವನು ಅಜೀಜಣ್ಣ ಒಬ್ಬನೇ ಅಂತ ಈಗಲೂ ನನ್ನ ಅಭಿಪ್ರಾಯ.

ಮುಂದಿನ ಶುಕ್ರವಾರ ಅಮ್ಮನೋರು ಬಂದವಳೇ ಮಾತ್ರೆ ನಿಲ್ಲಿಸಬೇಕೆಂದು ಅಪ್ಪಣೆ ಮಾಡಿದಳು. ಪರದೇಶದ ಡಾಕ್ಟರುಗಳೇ ಕೈಚೆಲ್ಲಿದ್ದನ್ನು ಕಣ್ಣಾರೆ ನೋಡಿದಿರಲ್ಲ ಅಂದಳು. ದೇವರಿಗೂ ಟೀವಿಯ ಸಾಕ್ಷಿ ಬೇಕಾಗಿತ್ತು ನೋಡಿ. ಅಪ್ಪ ಗೋಡೆಗೂಡಿನಿಂದ ಮಾತ್ರೆ ತೆಗೆದುಕೊಂಡು ಹೋಗಿ ನಾಲೆಗೆ ಹಾಕಿ ಬಂದ. ಕೈ ತೊಳೆದುಕೊಂಡು ಊಟಕ್ಕೂ ಕೂತ.

ಗೂಡಿನಲ್ಲಿದ್ದದ್ದು ಅರ್ಧ ಮಾತ್ರ ಅನ್ನುವುದು ಅಪ್ಪನಿಗೆ ಗೊತ್ತಿರಲಿಲ್ಲ. ಉಳಿದರ್ಧವನ್ನು ಅವ್ವ ಮೊದಲೇ ರಾಗಿಹಿಟ್ಟಿನ ಮಡಕೆಯಲ್ಲಿ ಹೂತಿಟ್ಟಿದ್ದಳು. ಅಂದಿನಿಂದ ಅಕ್ಕನ ಮುದ್ದೆಯನ್ನು ಕಟ್ಟುವಾಗ ಒಳಗೊಂದು ಮಾತ್ರೆ ಇಟ್ಟು ಕಟ್ಟುತ್ತಿದ್ದಳು. ಮುದ್ದೆಯನ್ನು ನಾವು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಎಲ್ಲರ ಜೊತೆ ಸಾಲಿನಲ್ಲಿ ಕೂತು, ದೊಡ್ಡಪ್ಪನ ಕಣ್ಣೆದುರಿಗೇ, ಅಕ್ಕ ನುಂಗುತ್ತಿದ್ದಳು. ಯಾರಿಗೆ ಅನುಮಾನ ಬರುತ್ತದೆ? ಅಷ್ಟು ಒಳ್ಳೆಯ ಉಪಾಯ ಮಾಡಿದವಳು ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು.

ನನಗೆ ಅನುಮಾನ ಬಂತು. ಆದರೆ ಮಾತ್ರೆಯ ಅನುಮಾನ ಅಲ್ಲ. ಅವ್ವ ದಿನಾಲೂ ಅಕ್ಕನ ಮುದ್ದೆಯನ್ನು ಬೇರೆಯಾಗಿ, ಬೆನ್ನು ತಿರುಗಿಸಿಕೊಂಡು ಕಟ್ಟುತ್ತಿದ್ದಳು. ಒಳಗೆ ಬೆಣ್ಣೆ ಇಡುತ್ತಾಳೆ ಅಂದುಕೊಂಡೆ. ನನಗಿಲ್ಲದ ಬೆಣ್ಣೆ. ಹೊಟ್ಟೆಕಿಚ್ಚು ಅಂದರೆ ಎಂಥದ್ದು ಅಂತ ಹೇಳಲೇ? ಮೂರು ದಿನ ನನಗೆ ಸರಿಯಾಗಿ ಊಟ ಸೇರಲಿಲ್ಲ. ನಾಲ್ಕನೇ ದಿನ ಅವ್ವ ನೀರು ತರಲು ಹೊರಗೆ ಹೋದಾಗ ಅಕ್ಕನ ತಟ್ಟೆಯ ಮುದ್ದೆಯನ್ನು ಮುರಿದೆ. ಬಿಳೀ ಮಾತ್ರೆ ಕಂಡಿತು. ಮುದ್ದೆಯನ್ನು ಮತ್ತೆ ಒತ್ತಿ ದುಂಡಗೆ ಮಾಡಿಟ್ಟು, ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಿದ್ದ ದೊಡ್ಡಪ್ಪನ ಹತ್ತಿರ ಹೋದೆ. ಯಾಕೆ ಹೋದೆ ಅಂತ ನನ್ನನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಪಿಚ್ಚರ್ ನೋಡಿದಾಗಿನಿಂದ ಅಕ್ಕನ ಪಕ್ಕ ಮಲಗಲು ಭಯವಾಗುತ್ತಿತ್ತು, ಅದು ನಿಜ. ಆದರೆ ಅದಕ್ಕಿಂತ ನಿಜವಾದದ್ದು, ನನಗೆ ಶಹಭಾಸ್ ಅನ್ನಿಸಿಕೊಳ್ಳಬೇಕಿತ್ತು. ದೊಡ್ಡಪ್ಪ ಕಿವಿಗೊಟ್ಟು ಕೇಳಿದ.

'ಜಾಣೆ ಕಣವ್ವ ನೀನು. ಯಾರ್ಗೂ ಯೋಳ್ಬ್ಯಾಡ.'

ಒಂದು ಉಂಡೆ ಬೆಲ್ಲ ಕೊಟ್ಟ. ತಿಂದೆ.

ಅವತ್ತೇ ಅವನು ಗಲಾಟೆ ಮಾಡಬಹುದಿತ್ತು. ಮಾಡಲಿಲ್ಲ. ಶುಕ್ರವಾರದವರೆಗೆ ಕಾದ. ನಡುಮನೆ ತುಂಬ ಜನ. ನಾನು ಹರಿವಾಣ ಹಿಡಿದು ನಿಂತಿದ್ದೆ. ಅಮ್ಮನೋರು ಬಂದಳು, ತೂಗಾಡಿದಳು, ಎಲ್ಲರ ಕಷ್ಟ ಕೇಳಿದಳು. ಹೋಗುವ ಹೊತ್ತಿಗೆ ಅಡುಗೆಮನೆಯ ಬಾಗಿಲ ಕಡೆ ಬೆರಳು ತೋರಿಸಿದಳು.

'ಲೇ, ಮರೇಲಿ ನಿಂತಿರೋಳೆ. ಮುದ್ದೆಯೊಳ್ಗೆ ಏನೆ ಮಡ್ಗಿದ್ದೀಯೆ?'

ಅವ್ವ ಅಡುಗೆಮನೆಯೊಳಕ್ಕೆ ತಿರುಗಿದಳು. ಹಿಟ್ಟಿನ ಮಡಕೆಗೆ ಕೈಹಾಕಿ, ಉಳಿದ ಮಾತ್ರೆಗಳನ್ನೆಲ್ಲ ತಂದು ದೊಡ್ಡಪ್ಪನ ಕಾಲ ಬಳಿ ಸುರಿದಳು. ಅವಳ ಕೈ ಮೊಣಕೈವರೆಗೆ ಹಿಟ್ಟಾಗಿತ್ತು. ಜನ ಕೆನ್ನೆ ಕೆನ್ನೆ ಬಡಿದುಕೊಂಡರು. ಮುದ್ದೆಯೊಳಗಿನದೂ ಕಾಣುವ ತಾಯಿ! ಸುತ್ತ ಹತ್ತು ಊರಿಗೆ ಆ ಸುದ್ದಿ ಹೋಯಿತು, ಮುಂದಿನ ವಾರದಿಂದ ನಾಗಮಂಗಲದ ಕಡೆಯಿಂದಲೂ ಜನ ಬರತೊಡಗಿದರು. ಆ ಪವಾಡ ಎಲ್ಲಿಂದ ಹುಟ್ಟಿತು ಅನ್ನುವುದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬನ ಮೈಮೇಲೆ ದೇವರಿತ್ತು, ಇನ್ನೊಬ್ಬಳ ಕೈಯಲ್ಲಿ ಹರಿವಾಣ. ನನ್ನ ದೇವರು ಅವತ್ತೇ ಸತ್ತಿತು. ದೇವರಿಗೆ ಸುದ್ದಿ ಮುಟ್ಟಿಸುವವಳು ನಾನೇ ಅಂದಮೇಲೆ ನಾನು ಇನ್ನು ಯಾರಿಗೆ ಹೆದರಲಿ? ಹೆದರಿದವಳು ಅವ್ವ. ಮೂರು ವರ್ಷ ನಿಂಬೆಹಣ್ಣಿಗೆ ಬಗ್ಗದವಳು, ಸುಳ್ಳು ಹೇಳಿ ಮೈಸೂರಿಗೆ ಹೋಗಿ ಬಂದವಳು, ಈಗ ದೇವರ ಕೋಣೆಯ ಮುಂದೆ ಹಾದುಹೋಗುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಇನ್ನೊಂದು ಸಲ ಮಾತ್ರೆ ತರುವ ಮಾತೇ ಎತ್ತಲಿಲ್ಲ.

ಐದು ದಿನಕ್ಕೆ ಅಕ್ಕ ಬಿದ್ದಳು. ಬೆಳಿಗ್ಗೆ, ಸ್ಕೂಲಿಗೆ ಹೊರಡುವ ಮುಂಚೆ, ಒಲೆಯ ಮುಂದೆ. ಸೌದೆ ಮುಂದಕ್ಕೆ ನೂಕಲು ಕೂತವಳು ಹಾಗೇ ಸೆಟೆದು ಮುಂದಕ್ಕೆ ಬಿದ್ದಳು. ಬಲಗೈ ಒಲೆಯೊಳಗಿತ್ತು. ನಾನು ಬಾಗಿಲಲ್ಲೇ ಇದ್ದೆ. ದೊಡ್ಡವ್ವ ಓಡಿಬಂದು ಎಳೆಯುವಷ್ಟರಲ್ಲಿ ಅಂಗೈ ಬೆಂದಿತ್ತು. ಆ ವಾಸನೆಯ ಬಗ್ಗೆ ಬರೆಯುವುದಿಲ್ಲ. ಪಾಂಡವಪುರದ ಆಸ್ಪತ್ರೆಯಲ್ಲಿ ಕಟ್ಟು ಕಟ್ಟಿಸಿಕೊಂಡು ಬಂದರು. ಕಂಬಕ್ಕೊರಗಿದ್ದ ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ:

'ಗಾಳಿ ಹೊರಡಕ್ಮುಂಚೆ ಸಿಟ್ಟು ತೋರುಸ್ತಾ ಅದೆ. ಶುಕ್ರವಾರ ಕಟ್ಟಾಕಿ ಬುಡುಸ್ಬುಡ್ತೀನಿ. ಟೀವಿಲಿ ಮಾಡುದ್ರಲ್ಲ, ಅಂಗೇ.'

ಕಟ್ಟಿಹಾಕುವುದು, ಬೇವಿನ ಕಡ್ಡಿ ಕಟ್ಟಿದ ಬರಲಿನಿಂದ ಹೊಡೆಯುವುದು, ಮೂಗಿಗೆ ಮೆಣಸಿನಕಾಯಿ ಹೊಗೆ ಹಿಡಿಯುವುದು. ಬೇರೆಯವರ ಮನೆಯ ಹೆಣ್ಣುಮಕ್ಕಳಿಗೆ ಅವನು ಮಾಡಿದ್ದನ್ನು ನಾನು ನೋಡಿದ್ದೆ. ಪಕ್ಕದಲ್ಲಿ ನಿಂತು ಗಂಟೆ ಬಾರಿಸಿದ್ದೆ. ಕೆಂಡಕ್ಕೆ ಬಿದ್ದು ಬಂದ ಅಕ್ಕ ಇದನ್ನು ತಡೆಯುವುದಿಲ್ಲ ಅನ್ನುವುದು ಹತ್ತು ವರ್ಷದ ನನಗೂ ಗೊತ್ತಾಯಿತು. ಗುರುವಾರ ಬೆಳಿಗ್ಗೆ ಹಿತ್ತಿಲಿಗೆ ಹೋದೆ. ಅವ್ವ ಬಟ್ಟೆ ಒಗೆಯುತ್ತಿದ್ದಳು.

'ಅವ್ವ, ಅಮ್ಮನೋರು ನೋಡ್ಲಿಲ್ಲ. ನಾನು ಯೋಳ್ದೆ.'

'ಏನ್ ಯೋಳ್ದೆ?'

'ಮುದ್ದೆ ಸುದ್ದಿ.'

'ಯಾರ್ಗೆ?'

'ದೊ‌ಡ್ಡಪ್ಪಂಗೆ.'

ಅವಳ ಕೈ ನಿಂತಿತು. ಹೊಡೆಯುತ್ತಾಳೆ ಅಂತ ಕಣ್ಣು ಮುಚ್ಚಿಕೊಂಡೆ. ಹೊಡೆಯಲಿಲ್ಲ. ಒಗೆಯುವ ಕಲ್ಲಿನ ಮೇಲೆ ನೀರು ಸುರಿದು ಕೇಳಿದಳು:

'ಅಂಗಾರೆ ಅಮ್ಮನೋರ್ಗೆ ಏನೂ ಕಾಣಾಕಿಲ್ವಾ?'

ನಾನು ಇಲ್ಲ ಅಂತ ತಲೆ ಆಡಿಸಿದೆ. ಅವ್ವ ಕೈಯಲ್ಲಿದ್ದ ಸೀರೆಯನ್ನು ಜಾಲಿಸಿದಳು, ಹಿಂಡಿದಳು, ಕೊಡವಿ ತಂತಿಯ ಮೇಲೆ ಹಾಕಿದಳು.

'ಓಗು, ಇಸ್ಕೂಲ್ಗೆ ಒತ್ತಾಯ್ತು.'

ಶುಕ್ರವಾರ ಅಕ್ಕನನ್ನು ಕಂಬಕ್ಕೆ ಕಟ್ಟಿದರು. ಹಗ್ಗ ಬಿಗಿದವನು ಅಪ್ಪ. ಬಿಳೀ ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಅಕ್ಕ ನೆಲ ನೋಡುತ್ತಿದ್ದಳು. ಕೆಂಡದ ಬಾಣಲೆ, ಮೆಣಸಿನಕಾಯಿ, ಬೇವಿನ ಬರಲು, ಎಲ್ಲ ಸಾಲಾಗಿ ಇಟ್ಟಿದ್ದರು. ಮುದ್ದೆಯ ಪವಾಡ ಕೇಳಿದ ಜನ ತೊಟ್ಟಿಯವರೆಗೂ ತುಂಬಿದ್ದರು. ಅಮ್ಮನೋರು ಬಂದು ತೂಗಾಡಿ ಬರಲಿಗೆ ಕೈ ಚಾಚಿದಳು. ಆಗ ಅವ್ವ ಬಾಗಿಲ ಮರೆಯಿಂದ ಹೊರಗೆ ಬಂದಳು. ತಲೆ ಮೇಲೆ ಸೆರಗು ಹೊದ್ದು, ನಡುಮನೆ ದಾಟಿ, ದೊಡ್ಡಪ್ಪನ ಎದುರಿಗೆ ಬಂದು ನಿಂತಳು.

'ತಾಯಿ, ಒಂದ್ ಮಾತು ಕೇಳ್ತೀನಿ.'

'ಕೇಳೆ.'

'ಟೀವಿಲಿ ತೋರುಸುದ್ರಲ್ಲ, ಅಂಗೇ ಮಾಡ್ತೀಯಾ?'

'ಅಂಗೇ ಮಾಡ್ತೀನಿ.'

'ಅರ್ಧಕ್ಕೆ ಬುಡಂಗಿಲ್ಲ. ಪೂರ್ತಿ ಮಾಡ್ಬೇಕು.'

'ಪೂರ್ತಿ ಮಾಡ್ತೀನಿ ಕಣೆ. ನನ್ನೇ ಕೇಳೋಳಾ ನೀನು?'

ಅವ್ವ ಜನರ ಕಡೆ ತಿರುಗಿದಳು.

'ಎಲ್ರೂ ಕೇಳಿಸ್ಕಂಡ್ರಲ್ಲ. ಅವತ್ತು ಕರೆಂಟೋಯ್ತು, ಕಡೇದ್ನ ಯಾರೂ ನೋಡ್ನಿಲ್ಲ. ಆ ಪೂಜಾರಪ್ಪ ಕೂಸಿನ ಮೈಲಿದ್ದಿದ್ನ ತನ್ ಮೈಗೆ ಕರ್ಕಂಡ. ಕರ್ಕಂಡು, ಗೋಪುರದಿಂದ ಬಿದ್ದು ಸತ್ತೋದ. ಆಮ್ಯಾಕೆ ಕೂಸು ವಾಸಿ ಆಯ್ತು.' ಮತ್ತೆ ದೊಡ್ಡಪ್ಪನ ಕಡೆ ತಿರುಗಿದಳು. 'ನೀನೂ ಇವಳ ಮೈಲಿರೋದ್ನ ನಿನ್ ಮಗನ ಮೈಗೆ ಕರ್ಕೊ ತಾಯಿ. ಗೋಪುರ ಇಲ್ದಿದ್ರೆ ಏನಾಯ್ತು, ಹಿತ್ಲಲ್ಲಿ ಬಾವಿ ಅದೆ.'

ಅಮ್ಮನೋರು ತೂಗಾಡುವುದು ನಿಂತಿತು. ಹರಿವಾಣ ಹಿಡಿದು ಹತ್ತಿರದಲ್ಲೇ ಇದ್ದ ನನಗೆ ಚೆನ್ನಾಗಿ ಕಂಡಿತು. ದೊಡ್ಡಪ್ಪನ ಒಂದು ಕಣ್ಣು ತೆರೆದು ಹಿತ್ತಿಲ ಬಾಗಿಲನ್ನು ನೋಡಿ ಮುಚ್ಚಿಕೊಂಡಿತು.

'ಯಾಕ್ ತಾಯಿ ಸುಮ್ಗಾದೆ? ಮುದ್ದೆಯೊಳ್ಗೆ ಇರಾದು ಕಾಣ್ತು ನಿಂಗೆ. ಪಿಚ್ಚರ್ ಕಡೇಲಿ ಇರಾದು ಕಾಣ್ನಿಲ್ವಾ?'

ಹೊಸದಾಗಿ ಬಂದಿದ್ದ ಜನರಲ್ಲಿ ಯಾರೋ, ಅವಳೇಳಾದೂ ಸರಿಯೇ, ಮಾತು ಕೊಟ್ಟಾಯ್ತಲ್ಲ, ಅಂದರು. ಎಲ್ಲರೂ ದೇವರು ಏನು ಮಾಡುತ್ತದೆ ಅಂತ ಕಾಯುತ್ತಿದ್ದರು. ನಂಬಿಕೆ ಇದ್ದವರು ಅವರು. ದೊಡ್ಡಪ್ಪ ಬಾವಿಗೆ ಬೀಳುವುದನ್ನೂ ಭಕ್ತಿಯಿಂದಲೇ ನೋಡುತ್ತಿದ್ದರು. ಅಷ್ಟರಲ್ಲಿ ದೊಡ್ಡವ್ವ ಗೋಳೋ ಅಂತ ಬಂದು ಗಂಡನ ಕಾಲು ಹಿಡಿದುಕೊಂಡಳು.

'ಬ್ಯಾಡ ನನ್ ತಾಯಿ, ನನ್ ಅರಿಶಿನ ಕುಂಕುಮ ಉಳ್ಸು. ಅದೇನೋ ಮಾತ್ರೆ ನುಂಗ್ಲಿ ಬುಡು.'

ಅಮ್ಮನೋರಿಗೆ ದಾರಿ ಸಿಕ್ಕಿತು. ಸಣ್ಣ ಗಂಟಲಲ್ಲಿ ಹೇಳಿದಳು:

'ಮಾತ್ರೆಗೂ ನಾನೇ ಶಕ್ತಿ ಕೊಟ್ಟಿವ್ನಿ. ತೀರ್ಥದ್ ಜೊತೆ ಕೊಡಿ. ಒಂದಿನಾನೂ ತಪ್ಪುಸ್ಬ್ಯಾಡಿ.'

ಅಷ್ಟು ಹೇಳಿ ಹೊರಟೇಬಿಟ್ಟಳು. ಅಮ್ಮನೋರು ಅಷ್ಟು ಬೇಗ ಹೋದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅವ್ವ ಹಗ್ಗ ಬಿಚ್ಚಿದಳು. ಅಪ್ಪ ಸಹಾಯಕ್ಕೆ ಬಗ್ಗಿದ, ಅವನ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಮರುದಿನವೇ ಮೈಸೂರಿಗೆ ಹೋಗಿ ಮಾತ್ರೆ ತಂದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಅವ್ವ ಇಬ್ಬರ ಕೈಯಿಂದಲೂ ಕಿತ್ತುಕೊಂಡಳು. ಆದರೆ ಊರಿನವರ ಲೆಕ್ಕವೇ ಬೇರೆ. ಭಾಗ್ಯಳನ್ನು ಅಮ್ಮನೋರು ವಾಸಿಮಾಡಿದಳು ಅಂತಲೇ ಆಯಿತು. ದೊಡ್ಡಪ್ಪನ ಹೆಸರು ಇನ್ನಷ್ಟು ದೊಡ್ಡದಾಯಿತು. ಅವನು ಎಂಬತ್ತರವರೆಗೆ ನಾಟಿಕೋಳಿ ತಿಂದುಕೊಂಡು ಚೆನ್ನಾಗಿದ್ದು ಸತ್ತ. ನಾನು ಮಾತ್ರ ಹರಿವಾಣ ಬಿಟ್ಟೆ, ಪುಸ್ತಕ ಹಿಡಿದೆ, ಎದುರಿಗೆ ಸಿಕ್ಕಿದವರ ಭಕ್ತಿಯ ಬಗ್ಗೆಯೆಲ್ಲ ಕೊಂಕು ಮಾತಾಡುವುದನ್ನು ಕಲಿತೆ. ಅಕ್ಕ ಓದಿದಳು, ಕೆ.ಆರ್. ಪೇಟೆಗೆ ಮದುವೆಯಾಗಿ ಹೋದಳು, ಚೆನ್ನಾಗಿದ್ದಾಳೆ. ಬಲಗೈಯ ಎರಡು ಬೆರಳು ಪೂರ್ತಿ ಬಿಚ್ಚುವುದಿಲ್ಲ. ಎಡಗೈಯಲ್ಲಿ ಬರೆಯುವುದನ್ನು ಕಲಿತುಕೊಂಡಳು.

ಅಪ್ಪಣೆ ಸಿಕ್ಕ ಮಾತ್ರೆಗೆ ಮುಚ್ಚುಮರೆ ಬೇಕಿರಲಿಲ್ಲ. ಅವ್ವ ಅದನ್ನು ಈಗ ನಡುಮನೆಯಲ್ಲೇ, ದೊಡ್ಡಪ್ಪನ ಎದುರಿಗೇ, ಅಕ್ಕನ ಅಂಗೈಗೆ ಹಾಕುತ್ತಿದ್ದಳು. ದೊಡ್ಡಪ್ಪ ನೋಡುತ್ತಾ ಎಲೆ ಅಗಿಯುತ್ತಿದ್ದ. ಆದರೆ ನಾನು ಆ ಹೊತ್ತಿಗೆ ಅಲ್ಲಿಗೆ ಬಂದರೆ ಅವ್ವ ತಟ್ಟನೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ನಾನು ಆಚೆ ಹೋಗುವವರೆಗೆ ಹೊರಗೆ ತೆಗೆಯುತ್ತಿರಲಿಲ್ಲ. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ವರ್ಷಗಟ್ಟಲೆ. ಪಿಯುಸಿ ಓದಲು ಮೈಸೂರಿನ ಹಾಸ್ಟೆಲಿಗೆ ಹೊರಡುವ ದಿನ, ಟ್ರಂಕು ಬಾಗಿಲಲ್ಲಿಟ್ಟು ಹೇಳಿಹೋಗಲು ಒಳಗೆ ಬಂದಾಗಲೂ ಹಾಗೇ ಮಾಡಿದಳು. ನನಗೆ ತಡೆಯಲಾಗಲಿಲ್ಲ.

'ಇನ್ನೂ ಯಾಕವ್ವ ಬಚ್ಚಿಡ್ತೀಯ? ದೊಡ್ಡಪ್ಪನೇ ಏನೂ ಅನ್ನಾಕಿಲ್ವಲ್ಲ.'

ಅವ್ವ ಕೈಯನ್ನು ಸೆರಗಿನಿಂದ ತೆಗೆಯಲಿಲ್ಲ.

'ನಿನ್ ದೊಡ್ಡಪ್ಪಂಗೆ ಏನೂ ಕಾಣಾಕಿಲ್ಲ ಕಣವ್ವ,' ಅಂದಳು. 'ಕಾಣಾದು ನಿಂಗೆ.'